ಹೋಗ್ತೀನಿ ಎನ್ನಬೇಕಿದ್ದ ಪಾರ್ಟು

ನನ್ನ ಮೊದಲ ಪಾರ್ಟು ಹೆಣದ್ದು. ಮೆಲ್ಬರ್ನಿನಲ್ಲಿ ತೆಗೆಯುತ್ತಿದ್ದ ಒಂದು ಆಸ್ಪತ್ರೆ ಧಾರಾವಾಹಿಗೆ ಐವತ್ತು ದಾಟಿದ ಭಾರತೀಯ ಹೆಂಗಸಿನ ಹೆಣ ಬೇಕಾಗಿತ್ತು. ನಾನು ನಲವತ್ತೆಂಟಕ್ಕೇ ಆ ಅರ್ಹತೆ ಗಳಿಸಿದ್ದೆ. ಎರಡು ಗಂಟೆ ಹೊತ್ತು ಬಿಳಿ ಬಟ್ಟೆ ಹೊದ್ದು ಮಿಸುಕಾಡದೆ ಮಲಗಿ ಬಂದು ಹೇಳಿದರೆ ನನ್ನ ಗಂಡ ನಂಬಲೇ ಇಲ್ಲ.

"ಎರಡು ಗಂಟೆ ಬಾಯಿ ಮುಚ್ಕೊಂಡಿದ್ಯಾ? ನೀನಾ? ಅದು ಆಕ್ಟಿಂಗ್ ಅಲ್ಲ ಕಣೇ, ಪವಾಡ!" ಎಂದರು.

ಹೆಣದಿಂದ ಶುರುವಾದವಳು ಮೆಲ್ಲಮೆಲ್ಲಗೆ ಜೀವ ಹಿಡಿದೆ. ಮುಂದಿನ ಹತ್ತು ವರ್ಷ ಅಂಗಡಿಯಾಕೆಯಾದೆ, ಮದುಮಗನ ದೊಡ್ಡಮ್ಮನಾದೆ, ಬಸ್ಸಿನಲ್ಲಿ ಕಾರಣವಿಲ್ಲದೆ ಅಳುವ ಹೆಂಗಸಾದೆ. ವಾರಕ್ಕೆ ನಾಲ್ಕು ದಿನ ಕ್ಲೇಟನ್ನಿನ ಚೈಲ್ಡ್‌ಕೇರ್‌ನಲ್ಲಿ ಮಕ್ಕಳ ಮೂಗು ಒರೆಸುವ ಕೆಲಸ, ಐದನೆಯ ದಿನ ಈ ವೇಷ. ಗ್ಲೆನ್ ವೇವರ್ಲಿಯ ನಮ್ಮ ಮನೆಯ ಗ್ಯಾರೇಜಿನಲ್ಲಿ ಬೆಡ್‌ಶೀಟ್ ಇಳಿಬಿಟ್ಟು ಆಡಿಷನ್ನಿನ ವಿಡಿಯೋ ಮಾಡುತ್ತಿದ್ದೆವು. ಎದುರು ಪಾತ್ರದ ಮಾತನ್ನು ಓದುತ್ತಿದ್ದವರು ನನ್ನ ಗಂಡ. ಕೊಲೆಗಾರನ ಮಾತಿರಲಿ, ಪೊಲೀಸಿನವನ ಮಾತಿರಲಿ, ಎಲ್ಲವನ್ನೂ ಅವರು 'ಸಾರಿಗೆ ಉಪ್ಪು ಹಾಕಿದ್ಯಾ' ಎನ್ನುವ ದನಿಯಲ್ಲೇ ಓದುತ್ತಿದ್ದರು. ಅವರ ಎದುರು ಅತ್ತು ತೋರಿಸಿದವಳಿಗೆ ಬೇರೆ ತರಬೇತಿ ಬೇಕಿರಲಿಲ್ಲ.

ಒಂದು ಸಲ ಇಂಗ್ಲಿಷ್ ಬಾರದ ರೋಗಿಯ ಪಾರ್ಟು ಸಿಕ್ಕಿತು. ನಾನು ದಾವಣಗೆರೆಯ ಹೈಸ್ಕೂಲಿನಲ್ಲಿ ಹದಿನಾಲ್ಕು ವರ್ಷ ಇಂಗ್ಲಿಷ್ ಕಲಿಸಿದವಳು. ನನ್ನ ಮಗಳ ವಯಸ್ಸಿನ ನಿರ್ದೇಶಕಿ ಬಂದು, ಸ್ವಲ್ಪ ಇನ್ನೂ ಇಂಡಿಯನ್ ಆಗಿ ಮಾತಾಡಲು ಸಾಧ್ಯವೇ ಎಂದು ಬಹಳ ವಿನಯದಿಂದ ಕೇಳಿದಳು. ದಾವಣಗೆರೆಯಲ್ಲಿ ಹುಟ್ಟಿ ಬೆಣ್ಣೆದೋಸೆ ತಿಂದು ಬೆಳೆದವಳು ಇನ್ನೆಷ್ಟು ಇಂಡಿಯನ್ ಆಗಲಿ? ಸಿಟ್ಟು ನೆತ್ತಿಗೇರಿತು. ಆದರೂ ಅವಳು ಕೇಳಿದ ಹಾಗೆಯೇ ಮಾಡಿ ಬಂದೆ. ಆ ಸಂಚಿಕೆ ಬಂದ ಮೇಲೆ ಕ್ರೇಗಿಬರ್ನಿನಿಂದ ಪರಿಚಯದ ಹುಡುಗಿಯೊಬ್ಬಳು ಫೋನ್ ಮಾಡಿದಳು. "ಆಂಟಿ, ನಿಮ್ಮ ಸೀನ್‌ಗೇ ಕಾಯ್ತಾ ಕೂತಿದ್ವಿ. ಒಂದು ಚಪಾತಿ ತಿರುವಿ ಹಾಕ್ಬರೋಣ ಅಂತ ಎದ್ದೆ, ಅಷ್ಟ್ರಲ್ಲಿ ನಿಮ್ಮದು ಮುಗ್ದೇ ಹೋಗಿತ್ತು!" ಎಂದಳು. ಪಾಪ, ಹೊಗಳುವುದಕ್ಕೇ ಫೋನ್ ಮಾಡಿದ್ದಳು.

ಒಂದು ಚಪಾತಿ ಬೇಯುವಷ್ಟು ಹೊತ್ತಿನ ಪಾರ್ಟುಗಳು ಇನ್ನು ಸಾಕು ಎನ್ನಿಸುತ್ತಿದ್ದಾಗ ಆ ನಾಟಕ ಬಂತು. ಅದರಲ್ಲಿದ್ದದ್ದು ಎರಡೇ ಪಾತ್ರ. ಒಬ್ಬಂಟಿ ಆಸ್ಟ್ರೇಲಿಯನ್ ಮುದುಕ, ಅವನನ್ನು ದಿನವೂ ಬಂದು ನೋಡಿಕೊಳ್ಳುವ ಹೆಂಗಸು. ಮುದುಕನ ಪಾರ್ಟು ಮಾಡುತ್ತಿದ್ದವರು ಈ ದೇಶಕ್ಕೆಲ್ಲ ಗೊತ್ತಿರುವ ಹಿರಿಯ ನಟರು. ಹೆಂಗಸಿನ ಪಾರ್ಟು ನನಗೆ ಬಂತು. ಪರದೆ ಎದ್ದಾಗಿನಿಂದ ದೀಪ ಆರುವ ತನಕ ನಾನು ರಂಗದ ಮೇಲೆಯೇ ಇರುತ್ತಿದ್ದೆ.

ಆದರೆ ನಾಟಕದ ನಿರ್ದೇಶಕಿ ಮೊದಲ ದಿನವೇ ಒಂದು ಮಾತು ಮುಚ್ಚುಮರೆಯಿಲ್ಲದೆ ಹೇಳಿಬಿಟ್ಟರು. ನಾಟಕ ಮೆಲ್ಬರ್ನಿನ ಸಣ್ಣ ರಂಗಮಂದಿರದಲ್ಲಿ ಎರಡು ವಾರ, ಆಮೇಲೆ ಸಿಡ್ನಿಯ ದೊಡ್ಡ ರಂಗಮಂದಿರದಲ್ಲಿ ಒಂದು ತಿಂಗಳು. ನನ್ನನ್ನು ಗೊತ್ತುಮಾಡಿದ್ದು ಮೆಲ್ಬರ್ನಿಗೆ ಮಾತ್ರ. ಸಿಡ್ನಿಯವರು ಬಂದು ನೋಡುತ್ತಾರೆ, ಒಪ್ಪಿದರೆ ನಾನು, ಇಲ್ಲದಿದ್ದರೆ ಅಲ್ಲಿನ ಹೆಸರಾಂತ ಯಾರಾದರೊಬ್ಬ ನಟಿ.

"ನಂಗೆ ಸಿಡ್ನಿ ಬೇಕು ರೀ," ಎಂದೆ ಮನೆಗೆ ಬಂದು. ಈ ದೇಶದಲ್ಲಿ ಕಾಯಂ ನೆಲೆಸಲು ಪಿಆರ್‌ಗೆ ಅರ್ಜಿ ಹಾಕಿ ಕಾಯುವಾಗಲೂ ನಾನು ಇಷ್ಟು ಹಪಹಪಿಸಿರಲಿಲ್ಲ.

ನಾಟಕ ಬರೆದಾಕೆ ದಿನವೂ ಸಂಜೆ ರಿಹರ್ಸಲ್ಲಿಗೆ ಬಂದು ಪೆನ್ಸಿಲ್ ಹಿಡಿದು ಕೂರುತ್ತಿದ್ದರು. ಎಪ್ಪತ್ತು ದಾಟಿದ, ಕಡ್ಡಿಯಂಥ ಹೆಂಗಸು. ಬರೆದದ್ದರಲ್ಲಿ ಒಂದು ಅಲ್ಪವಿರಾಮ ಆಚೀಚೆಯಾದರೂ ಪೆನ್ಸಿಲ್ ಮೇಜಿನ ಮೇಲೆ ಟಕ್ ಎನ್ನುತ್ತಿತ್ತು. ಒಮ್ಮೆ ನಾನು 'ಆಲ್‌ರೈಟ್' ಎನ್ನುವ ಕಡೆ 'ಓಕೆ' ಎಂದೆ. ಆ ದೃಶ್ಯವನ್ನು ಮೊದಲಿನಿಂದ ಮಾಡಿಸಿದರು. ಮೇಷ್ಟ್ರಿಗೂ ಒಬ್ಬ ಮೇಷ್ಟ್ರು ಇರುತ್ತಾರೆ ಎನ್ನುವುದು ಆಗ ಗೊತ್ತಾಯಿತು.

ನಾಟಕದ ಕೊನೆ ಹೀಗಿತ್ತು. ಮುದುಕನ ಮನೆ ಮಾರಾಟವಾಗಿದೆ, ಮರುದಿನ ಅವನು ದೂರದ ಊರಿಗೆ, ತಂಗಿಯ ಮನೆಗೆ ಹೋಗುವವನಿದ್ದಾನೆ. ನನ್ನ ಕೆಲಸ ಮುಗಿಯಿತು. ಅವನು ಕಿಟಕಿಯ ಕಡೆ ಮುಖಮಾಡಿ ಕೂತಿರುತ್ತಾನೆ. ನಾನು ಬ್ಯಾಗು ಹೆಗಲಿಗೇರಿಸಿ, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು, "ಐಯಾಮ್ ಗೋಯಿಂಗ್," ಎನ್ನಬೇಕು. ಅವನು ತಿರುಗುವುದಿಲ್ಲ. ದೀಪ ಆರುತ್ತದೆ.

ರಿಹರ್ಸಲ್ಲಿನಲ್ಲಿ ಅದನ್ನು ಎಷ್ಟೋ ಸಲ ಸರಿಯಾಗಿಯೇ ಹೇಳಿದ್ದೆ.

ಸಿಡ್ನಿಯವರು ಬಂದದ್ದು ಒಂದು ಮಧ್ಯಾಹ್ನದ ಪ್ರದರ್ಶನಕ್ಕೆ. ಇಬ್ಬರು ಬಂದಿದ್ದರು, ಒಬ್ಬರ ಕನ್ನಡಕದ ಕಟ್ಟು ಕೆಂಪು. ನಾಲ್ಕನೆಯ ಸಾಲಿನಲ್ಲಿ ಅದು ಕೆಂಡದ ಹಾಗೆ ಕಾಣಿಸುತ್ತಿತ್ತು. ಅವತ್ತು ನಾನು ಚೆನ್ನಾಗಿ ಮಾಡಿದೆ. ನನ್ನ ಬೆನ್ನು ನಾನೇ ತಟ್ಟಿಕೊಳ್ಳುವುದಲ್ಲ, ನಿಜವಾಗಿಯೂ ಚೆನ್ನಾಗಿ ಮಾಡಿದೆ. ಜನ ನಗಬೇಕಾದಲ್ಲಿ ನಕ್ಕರು, ಸುಮ್ಮನಿರಬೇಕಾದಲ್ಲಿ ಕೆಮ್ಮಲೂ ಇಲ್ಲ. ಕೊನೆಯ ದೃಶ್ಯಕ್ಕೆ ಬಂದೆವು. ಬ್ಯಾಗು ಹೆಗಲಿಗೇರಿಸಿದೆ, ಬಾಗಿಲಿಗೆ ಹೋದೆ, ತಿರುಗಿ ನೋಡಿದೆ. ಹಿರಿಯ ನಟರ ಹಿಂದಲೆಯ ಕೂದಲು ಬಾಚದೆ ಕೆದರಿತ್ತು. ಎಂಟು ವಾರ ಒಟ್ಟಿಗೆ ಕೆಲಸ ಮಾಡಿದ್ದೆವು, ನನ್ನ ಡಬ್ಬಿಯ ಚಿತ್ರಾನ್ನ ತಿಂದ ಮನುಷ್ಯ. ಆ ತಲೆ ನೋಡುತ್ತಲೇ ಹಿಡಿಕೆಗೆ ಕೈ ಹಾಕಿದೆ.

"ಐ ವಿಲ್ ಕಮ್," ಎಂದುಬಿಟ್ಟೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಮ್ಮಲ್ಲಿ ಯಾರು ತಾನೇ ಹೊಸ್ತಿಲಲ್ಲಿ ನಿಂತು 'ಹೋಗ್ತೀನಿ' ಎನ್ನುತ್ತಾರೆ? ಎಂದರೆ ಅಜ್ಜಿಯಂದಿರು ಬಿಡುತ್ತಿದ್ದರೇ? ಹೋಗ್ತೀನಿ ಅನ್ಬಾರ್ದು, ಬರ್ತೀನಿ ಅನ್ನು ಎಂದು ಬೈದೇ ಕಳಿಸುತ್ತಿದ್ದರು. ಅದಕ್ಕಿಂತ ಹೆಚ್ಚಿನ ಅವಮಾನ ಇನ್ನೊಂದಿತ್ತು. ದಾವಣಗೆರೆಯಲ್ಲಿ ಗಂಟೆ ಹೊಡೆದ ಕೂಡಲೇ ಮಕ್ಕಳು "ಐ ವಿಲ್ ಕಮ್, ಮಿಸ್!" ಎಂದು ಓಡುತ್ತಿದ್ದರು. ನಾನು ಅವರನ್ನು ಗೇಟಿನಿಂದ ವಾಪಸು ಕರೆದು, ಅದು ಇಂಗ್ಲಿಷಲ್ಲ ಎಂದು ತಿದ್ದಿ, ಸರಿಯಾಗಿ ಹೇಳಿಸಿ ಕಳಿಸುತ್ತಿದ್ದೆ. ಹದಿನಾಲ್ಕು ವರ್ಷ ತಿದ್ದಿದ ತಪ್ಪನ್ನು ಸಿಡ್ನಿಯವರ ಎದುರು ನಾನೇ ಮಾಡಿದ್ದೆ.

ಹಿರಿಯ ನಟರು ತಿರುಗಿದರು. ತಿರುಗುವುದು ನಾಟಕದಲ್ಲಿರಲಿಲ್ಲ. ನನ್ನನ್ನೇ ನೋಡಿದರು. "ವೆನ್?" ಎಂದರು.

ಬರ್ತೀನಿ ಎಂದವರನ್ನು ಯಾವಾಗ ಎಂದು ಯಾರಾದರೂ ಕೇಳುತ್ತಾರೆಯೇ? ಹಿಡಿಕೆಯ ಮೇಲೆ ಕೈಯಿಟ್ಟು ಬಾಯಿ ತೆರೆದು ನಿಂತೆ. ಅವರು ಕಾಯುತ್ತಲೇ ಇದ್ದರು. ಕೊನೆಗೆ ರಂಗದ ದೀಪ ನಿಭಾಯಿಸುವ ಹುಡುಗಿ ಕನಿಕರಪಟ್ಟು ಕತ್ತಲು ಮಾಡಿದಳು.

ಚಪ್ಪಾಳೆ ಬಿತ್ತು, ಆದರೆ ಅದು ನನ್ನ ಕಿವಿಯೊಳಗೆ ಇಳಿಯಲಿಲ್ಲ. ಒಳಗೆ ಹೋಗಿ ಕನ್ನಡಿಯ ಮುಂದೆ ಕೂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದಾಗ ನಾಟಕ ಬರೆದಾಕೆ ಬಂದರು, ಕೈಯಲ್ಲಿ ಪೆನ್ಸಿಲ್ ಇತ್ತು. ಹಾಗೆಂದರೆ ಏನರ್ಥ ಎಂದು ಕೇಳಿದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವಳಿಗೆ ಯಾಕೋ ಸಿಟ್ಟೇ ಬಂತು. ನಮ್ಮ ಭಾಷೆಯಲ್ಲಿ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಬರುತ್ತೇನೆ ಎನ್ನುತ್ತೇವೆ, ಹೋಗುತ್ತೇನೆ ಎಂದು ಹೋದವರು ತಿರುಗಿ ಬರುವುದಿಲ್ಲ ಎಂಬ ಭಯ ನಮಗೆ ಎಂದೆ. ತಪ್ಪಾದದ್ದು ನಿಮ್ಮ ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ನಾನು ಸರಿಯಾಗಿಯೇ ಹೇಳಿದೆ ಎಂದೂ ಸೇರಿಸಿದೆ.

ಆಕೆ ಹಸ್ತಪ್ರತಿಯ ಕೊನೆಯ ಪುಟ ತೆಗೆದು, ಒಂದು ಸಾಲು ಹೊಡೆದುಹಾಕಿ, 'ಐ ವಿಲ್ ಕಮ್', 'ವೆನ್?' ಎಂದು ಎರಡು ಸಾಲು ಬರೆದರು. "ಇನ್ನು ಮೇಲೆ ಹೀಗೇ ಹೇಳಬೇಕು. ಒಂದು ಅಕ್ಷರವೂ ಬದಲಾಗಕೂಡದು," ಎಂದರು. ಅವರ ಬೆನ್ನ ಹಿಂದೆ ಬಾಗಿಲಲ್ಲಿ ಕೆಂಪು ಕನ್ನಡಕ ಕಾಣಿಸಿತು. ಮುಂದಿನ ತಿಂಗಳು ನಾನು ಬಿಡುವಾಗಿದ್ದೇನೆಯೇ ಎಂದು ಅದು ಕೇಳಿತು.

ಬೀದಿಗೆ ಓಡಿಬಂದು ಮನೆಗೆ ಫೋನ್ ಹಚ್ಚಿದೆ. "ರೀ, ಸಿಡ್ನಿ!" ಎಂದು ಕಿರುಚಿದೆ.

"ಏನಾಯ್ತೇ ಸಿಡ್ನಿಗೆ?" ಎಂದರು ಗಾಬರಿಯಿಂದ.

ಚೈಲ್ಡ್‌ಕೇರ್‌ನಿಂದ ಒಂದು ತಿಂಗಳು ರಜೆ ತೆಗೆದುಕೊಂಡೆ. ತಪ್ಪನ್ನು ತಪ್ಪದೆ ಮಾಡುವುದು ಎಷ್ಟು ಕಷ್ಟ ಎಂದು ಆಗ ತಿಳಿಯಿತು. ಬೇಕೆಂದು ಹೇಳಿದರೆ 'ಐ ವಿಲ್ ಕಮ್' ಕಂಠಪಾಠ ಒಪ್ಪಿಸಿದಂತೆ ಕೇಳಿಸುತ್ತಿತ್ತು. ಗ್ಲೆನ್ ವೇವರ್ಲಿ ರೈಲಿನ ಕೊನೆಯ ನಿಲ್ದಾಣವಾದ್ದರಿಂದ ಹತ್ತಿದ ಕೂಡಲೇ ಸೀಟು ಸಿಗುತ್ತದೆ. ಸಿಟಿಯ ರಿಹರ್ಸಲ್ಲಿಗೆ ಹೋಗುವಾಗ ದಾರಿಯುದ್ದಕ್ಕೂ ಕಿಟಕಿಗೆ ಅದನ್ನೇ ಹೇಳುತ್ತಿದ್ದೆ. ಪಕ್ಕದ ಸೀಟಿನವರು ಎದ್ದು ಬೇರೆ ಕಡೆ ಹೋಗುತ್ತಿದ್ದರು.

ಸಿಡ್ನಿಯ ಮೊದಲ ಪ್ರದರ್ಶನದ ದಿನ ಸಭಾಂಗಣ ಕಿಕ್ಕಿರಿದಿತ್ತು. ಗಂಡ, ಮಗಳು ಮುಂದಿನ ಸಾಲಿನಲ್ಲಿದ್ದರು. "ಡೋಂಟ್ ಲುಕ್ ಅಟ್ ಅಸ್, ಅಮ್ಮ," ಎಂದು ಮಗಳು ಮೊದಲೇ ತಾಕೀತು ಮಾಡಿದ್ದಳು. ನೋಡಲು ಪುರುಸೊತ್ತೂ ಇರಲಿಲ್ಲ. ಕೊನೆಯ ದೃಶ್ಯ ಬಂತು. ಬ್ಯಾಗು, ಬಾಗಿಲು, ಆ ಕೆದರಿದ ತಲೆ. ರೈಲಿನ ಕಿಟಕಿಗೆ ಹೇಳಿದ್ದೆಲ್ಲ ಮರೆತುಹೋಗಿ, ಮಾತು ಹೊಟ್ಟೆಯಿಂದಲೇ ಎದ್ದು ಬಂತು.

"ಐ ವಿಲ್ ಕಮ್."

ಅವರು ತಿರುಗಿದರು. 'ವೆನ್' ಎನ್ನಲು ತುಟಿ ತೆರೆಯಬೇಕು, ಅಷ್ಟರಲ್ಲಿ ಪ್ರೇಕ್ಷಕರ ನಡುವೆ, ಬಲಗಡೆಯ ಕತ್ತಲಿನಿಂದ ಒಂದು ಹೆಂಗಸಿನ ದನಿ ಬಂತು. ಗಟ್ಟಿಯಾಗಿ ಅಲ್ಲ, ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಹೇಳುವಷ್ಟು ಸಹಜವಾಗಿ.

"ಹ್ಞೂಂ, ಹೋಗ್ಬನ್ನಿ."

ಬಾಯಿಂದ ಹೊರಬಿದ್ದದ್ದು ಆಕೆಗೇ ಗೊತ್ತಾಗಿರಲಿಕ್ಕಿಲ್ಲ. ಹಿರಿಯ ನಟರಿಗೆ ಆ ಮಾತು ತಿಳಿಯುವಂತಿರಲಿಲ್ಲ, ಆದರೆ ನನ್ನ ಮುಖ ನೋಡಿದರು. ತೆರೆದ ತುಟಿ ಮುಚ್ಚಿಕೊಂಡು, ಒಮ್ಮೆ ತಲೆಯಾಡಿಸಿ, ಮೆಲ್ಲಗೆ ಕಿಟಕಿಯ ಕಡೆ ತಿರುಗಿದರು. ನಾನು ಬಾಗಿಲು ತೆರೆದು ಹೊರಗೆ ನಡೆದೆ. ದೀಪ ಆರಿತು.

ಮತ್ತೆ ದೀಪ ಬಂದಾಗ ಜನ ಎದ್ದು ನಿಂತಿದ್ದರು. ಇಬ್ಬರೂ ಕೈಕೈ ಹಿಡಿದು ಬಾಗಿದೆವು. ಬಾಗಿದಲ್ಲಿಂದಲೇ ಅವರು, ಆ ಹೆಂಗಸು ಏನೆಂದಳು ಎಂದು ಪಿಸುಗುಟ್ಟಿದರು. ಹೋಗಿ ಬನ್ನಿ ಎಂದಳು, ನಮ್ಮಲ್ಲಿ ಬರ್ತೀನಿ ಎಂದವರಿಗೆ ಕೊಡುವ ಉತ್ತರ ಅದು ಎಂದೆ.

"ಹಾಗಾದ್ರೆ ನನ್ನ ಮಾತು ಬೇಕಾಗಿರಲಿಲ್ಲ," ಎಂದು ನಕ್ಕು, ನನ್ನ ಕೈ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದರು.

ಈಗ ಮುಂದೆ ನಾನೊಬ್ಬಳೇ ಇದ್ದೆ. ಚಪ್ಪಾಳೆ ಈ ಸಲ ಕಿವಿಯೊಳಗೆ ಇಳಿಯಿತು. ಹತ್ತು ವರ್ಷದಲ್ಲಿ ನನ್ನನ್ನು ನೋಡಿದವರಿದ್ದರು, ಗುರುತು ಹಿಡಿದವರೂ ಇದ್ದರು, ನನ್ನ ಮಾತಿಗೆ ಉತ್ತರ ಕೊಟ್ಟವಳು ಇವಳೇ ಮೊದಲು. ಮುಖ ಕಾಣಿಸಲಿಲ್ಲ. ನಾನು ಬಲಗಡೆಗೆ ತಿರುಗಿ, ಆ ಕತ್ತಲಿಗೆ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದೆ.