ದೊಡ್ಡವ್ವಗ ಆರಾಮಿಲ್ಲಂತ

ಜಪಾನಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳಲು ನರ್ಸ್‌ಗಳು ಬೇಕಂತ ಕೇಳಿ, ಶಹಾಪುರದ ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಂದು ಮೊಬೈಲಿನಲ್ಲಿ ಜಪಾನಿ ಕಲಿಯುತ್ತಿದ್ದೆ. ಅಕ್ಷರಗಳು ತಲೆ ತಿಂದವು. ಒಂದು ಪಾಠ ಮಾತ್ರ ಸಲೀಸಾಗಿ ಇಳಿಯಿತು. ಬೇರೆಯವರಿಂದ ಕೇಳಿದ್ದನ್ನು ಹೇಳುವಾಗ ಮಾತಿನ ಕೊನೆಗೆ ‘ಸೋ ದೆಸು’ ಹಚ್ಚಬೇಕು, ಕಣ್ಣಾರೆ ಕಂಡದ್ದಕ್ಕೆ ಹಚ್ಚಬಾರದು ಎಂದರು ಟೀಚರ್. ಇದರಲ್ಲೇನಿದೆ, ನಮ್ಮ ‘ಅಂತ’ ತಾನೆ! ಅದಿಲ್ಲದೆ ನಮ್ಮ ಕಡೆ ಒಂದು ಸುದ್ದಿಯೂ ಓಣಿ ದಾಟುವುದಿಲ್ಲ.

ಆ ವಾರವೇ ಸುರಪುರದಿಂದ ದೊಡ್ಡವ್ವನ ಪಕ್ಕದ ಮನೆಯಾಕೆ ಫೋನ್ ಮಾಡಿದಳು. ‘ದೊಡ್ಡವ್ವಗ ಭಾಳ ಆರಾಮಿಲ್ಲಂತ್ರಿ. ಲಗೂನ ಬರ್ರಿ.’ ಅವ್ವ ತೀರಿದ ಮೇಲೆ ನನ್ನನ್ನೂ ಅಣ್ಣನನ್ನೂ ಸಾಕಿದವಳು ಈ ದೊಡ್ಡವ್ವ.

ನಮ್ಮಲ್ಲಿ ಸಾವಿನ ಸುದ್ದಿಯನ್ನು ಫೋನಿನಲ್ಲಿ ಯಾರೂ ನೇರವಾಗಿ ಹೇಳುವುದಿಲ್ಲ. ದಾರಿಯಲ್ಲಿ ಎದೆ ಒಡೆದುಕೊಂಡಾರೆಂದು ‘ಆರಾಮಿಲ್ಲಂತ’ ಎನ್ನುತ್ತಾರೆ. ಕೇಳಿದವರು ಉಳಿದದ್ದನ್ನು ತಾವೇ ತಿಳಿದುಕೊಂಡು ಬಸ್ಸು ಹತ್ತುತ್ತಾರೆ. ಅಣ್ಣನೂ ತಿಳಿದುಕೊಂಡ. ಯಾದಗಿರಿಯ ಬೀಗರಿಗೆಲ್ಲ ಫೋನ್ ಹಚ್ಚಿದ. ಬಸ್‌ಸ್ಟ್ಯಾಂಡಿನಲ್ಲಿ ದೊಡ್ಡದೊಂದು ಹಾರವನ್ನೂ ಕೊಂಡ.

‘ಹೋಗ್ಯಾಳಂತ ಯಾರ ಹೇಳ್ಯಾರ ನಿನಗ? ಆರಾಮಿಲ್ಲಂತ, ಅಷ್ಟ ಹೇಳ್ಯಾರ’ ಎಂದು ಜಗಳ ತೆಗೆದೆ.

‘ಹುಚ್ಚಿ, ಮತ್ತ ಹೆಂಗ ಹೇಳ್ತಾರ?’ ಎಂದು ಕಣ್ಣೊರೆಸಿಕೊಂಡ.

ಅವನ ಅಳು ನೋಡಿದರೆ ನಾನೂ ನಂಬಿಬಿಟ್ಟೇನೆಂದು ದಾರಿಯುದ್ದಕ್ಕೂ ಕಿಟಕಿಗೆ ಮುಖ ಮಾಡಿ ಕೂತೆ.

ದೊಡ್ಡವ್ವ ಹೊರಸಿನ ಮೇಲೆ ದಿಂಬಿಗೊರಗಿ ಗಂಜಿ ಕುಡಿಯುತ್ತಿದ್ದಳು! ಮುಖ ಇಳಿದುಹೋಗಿತ್ತು, ಕಾಲು ಬಾತಿದ್ದವು, ತುತ್ತಿಗೊಮ್ಮೆ ಏದುಸಿರು. ಅಣ್ಣ ಹಾರವನ್ನು ಬೆನ್ನ ಹಿಂದೆ ಮಾಡುವಷ್ಟರಲ್ಲಿ ನೋಡಿಯೇಬಿಟ್ಟಳು.

‘ನಾ ಹ್ವಾದೆನಂತೇನಪಾ?’

ಅಣ್ಣ ಹಾರವನ್ನು ಹೊರಸಿನ ಕೆಳಗೆ ತಳ್ಳಿದ. ‘ಇರ್ಲಿ ಬಿಡು. ತನಗ ತಂದ ಹಾರ ನೋಡೂ ಭಾಗ್ಯ ಎಷ್ಟ ಮಂದಿಗಿ ಅದ?’ ಎಂದು ಅವಳು ನಕ್ಕಳು. ಆ ನಗುವಿಗೆ ಕೆಮ್ಮು ಹತ್ತಿತು, ಬೆನ್ನು ಸವರಿದೆ. ಮುದುಕಿ ಬದುಕಿದ್ದಾಳೆಂಬ ಖುಷಿಗೆ ಕೆಮ್ಮು ನಿಂತರೂ ಕೈ ತೆಗೆಯಲಿಲ್ಲ.

ಉಸಿರು ಹದಕ್ಕೆ ಬಂದ ಮೇಲೆ ಆ ಕೈಯನ್ನೇ ಹಿಡಿದಳು. ‘ಜಪಾನದಾಗ ಮುದುಕ್ಯಾರ್ನ ನೋಡಾಕ ಹೊಂಟಿಯಂತ. ಖರೇನ?’

‘ಇನ್ನಾ ಕಲ್ಯಾಕತ್ತೀನಿ, ದೊಡ್ಡವ್ವ.’

‘ಕಲಿ. ಆದ್ರ ನಾ ಹೋಗೂತನ ಇಲ್ಲೇ ಇರು. ಮಂದಿ ಹೇಳಿದ್ದು ಕೇಳಿ ಓಡಿ ಬರಬ್ಯಾಡ.’

ಅವಳ ಕಾಲಿನ ಬಾವು ನೋಡಿದ ನನ್ನಂಥ ನರ್ಸಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಣ್ಣ ಮರುದಿನ ಊರಿಗೆ ಹೋದ, ನಾನು ರಜೆ ಹಾಕಿ ಉಳಿದೆ. ಗಂಜಿ ಕುಡಿಸಿದೆ, ತಲೆ ಬಾಚಿದೆ, ಬೈಸಿಕೊಂಡೆ. ಕೆಲ ದಿನಗಳಾದ ಮೇಲೆ ಒಂದು ಬೆಳಿಗ್ಗೆ, ಚಹಾ ಬೇಕೆಂದು ಕೇಳಿ, ಅದು ಕುದಿಯುವ ಮೊದಲೇ ನನ್ನ ತೋಳಿನ ಮೇಲೆ ಹೋಗಿಬಿಟ್ಟಳು.

ಅಣ್ಣನಿಗೆ ಫೋನ್ ಹಚ್ಚಿದಾಗ ಪಕ್ಕದ ಮನೆಯಾಕೆ ನನ್ನ ರಟ್ಟೆ ಹಿಡಿದಳು. ‘ಆರಾಮಿಲ್ಲಂತ ಹೇಳವ್ವಾ, ದಾರ್ಯಾಗ ಬರಾಂವ ಅದಾನ.’

‘ಅಣ್ಣಾ, ದೊಡ್ಡವ್ವ ಹ್ವಾದಳು’ ಎಂದೆ. ‘ನಾ ಹತ್ರನ ಇದ್ದೆ.’