ಶರ್ಯತ್ತಿಗೆ ಮೊದಲೇ ಸನ್ಮಾನ

ಸೈಕಲ್ ಶರ್ಯತ್ತಿನಲ್ಲಿ ಮೈಕ್ ಹಿಡಿದು ಕೂಗುವುದು ನನ್ನ ಕೆಲಸ. ಹಳಿಯಾಳದಿಂದ ದಾಂಡೇಲಿಗೆ ನಡೆಯುವ ಶರ್ಯತ್ತನ್ನು ಮುಂಡಗೋಡ ಕಡೆಯ ಫಕ್ಕೀರಪ್ಪ ಪ್ರತಿ ವರ್ಷ ಗೆಲ್ಲುತ್ತಿದ್ದ. ಹೀಗೇ ಆದರೆ ಉಳಿದವರು ಬರುವುದನ್ನೇ ಬಿಟ್ಟಾರು ಎಂದು ಸಮಿತಿಯವರಿಗೆ ಹೆದರಿಕೆ. ಒಂದು ವರ್ಷ ಶರ್ಯತ್ತು ಶುರುವಾಗುವ ಮೊದಲೇ ಅವನನ್ನು ಸ್ಟೇಜಿಗೆ ಕರೆದು, ಶಾಲು ಹೊದಿಸಿ, ಮುಖ್ಯ ಅತಿಥಿಯ ಕುರ್ಚಿಯಲ್ಲಿ ಕೂರಿಸಿಬಿಟ್ಟರು. ಸನ್ಮಾನವಾದ ಮೇಲೆ ಸೈಕಲ್ ಹತ್ತುವುದೆಲ್ಲಿ ಬಂತು!

"ಇನ್ನ ಮ್ಯಾಲ ಇವ್ರು ನಮ್ಮ ಮಾರ್ಗದರ್ಶಕರು ಅಂತ ಹೇಳ್ರಿ," ಎಂದು ಅಧ್ಯಕ್ಷರು ನನ್ನ ಕಿವಿಯಲ್ಲಿ ಉಸುರಿದರು.

ನಾನು ಬಾಯಿ ತೆರೆಯುವುದರೊಳಗೆ ಫಕ್ಕೀರಪ್ಪ ಎದ್ದು ಬಂದು ಮೈಕ್ ಕೇಳಿದ. ಅಧ್ಯಕ್ಷರು ನನ್ನತ್ತ ಕಣ್ಣು ಬಿಟ್ಟರು. ಆದರೂ ಕೊಟ್ಟೆ.

"ನನ್ನ ಸೋಲಸ್ಬೇಕಂದ್ರ ರೋಡಿನ್ಯಾಗ ಸೋಲಸ್ರಿ. ಕುರ್ಚಿ ಕೊಟ್ಟು ಸೋಲಸ್ಬ್ಯಾಡ್ರಿ," ಎಂದ. ಶಾಲು ಮಡಚಿ ಕುರ್ಚಿಯ ಮೇಲಿಟ್ಟು, ಕೆಳಗಿಳಿದು ಸೈಕಲ್ ಹತ್ತಿದ.

ಶರ್ಯತ್ತಿಗೆ ಬಂದಿದ್ದ ವಿಜಯಪುರದ ಹುಡುಗರು ದಾಂಡೇಲಿಯವರೆಗೂ ಅವನ ಬೆನ್ನು ಬಿಡಲಿಲ್ಲ. ಒಂದು ಗಾಲಿಯಷ್ಟು ಮುಂದಿದ್ದು ಗೆದ್ದ. ಹಿಂದೆಯೇ ಬರುತ್ತಿದ್ದ ಜೀಪಿನಿಂದ ಕೂಗಿ ಕೂಗಿ ನನ್ನ ಗಂಟಲು ಬಿದ್ದುಹೋಯಿತು.

"ಮುಂದಿನ ವರ್ಷ ಬಿಡಂಗಿಲ್ಲ," ಎಂದ ಎರಡನೆಯವನು, ಏದುಸಿರು ಬಿಡುತ್ತ.

"ಬಾರಪಾ, ನಾನೂ ಬರ್ತೇನಿ," ಎಂದ ಫಕ್ಕೀರಪ್ಪ.

ಮರುವರ್ಷ ಸಮಿತಿಯವರು ನನಗೆ ಫೋನ್ ಮಾಡಿದರು. "ಭಾಳ ವರ್ಷ ಕೂಗೀರಿ. ಈ ಸಲ ನಿಮಗ ಸನ್ಮಾನ ಐತ್ರಿ."

ಹೋದೆ. ಫಕ್ಕೀರಪ್ಪನ ಹಾಗೆ ಶಾಲು ಬಿಟ್ಟುಬರಲು ನನಗೆ ಮನಸ್ಸಾಗಲಿಲ್ಲ, ಶಾಲು ಚೆನ್ನಾಗಿತ್ತು. ಅದನ್ನು ಹೊದ್ದುಕೊಂಡೇ, ನನ್ನ ಬದಲು ಕೂಗಲು ಕರೆಸಿದ್ದ ಹೊಸಬನ ಕೈಯಿಂದ ಮೈಕ್ ಕಸಿದುಕೊಂಡು ಫಕ್ಕೀರಪ್ಪನ ಹೆಸರು ಕೂಗಿದೆ.