ಹಿಂದಿನ ಸೀಟಿನ ಹಾರ್ನ್

ರಬ್ಬರ್ ಚೆಂಡನ್ನು ಮಾವ ಎಷ್ಟು ಹಿಚುಕಿದರೂ ಕಾರಿನ ಹಾರ್ನ್ ‘ಪುಸ್’ ಅಂದಿತೇ ಹೊರತು ಕೂಗಲಿಲ್ಲ. ನಾನು ಮದುವೆಯಾಗಿ ಎಮ್ಮಿಗನೂರಿನಿಂದ ಹೊಸಪೇಟೆಗೆ ಹೊರಟ ದಿನ. ಕಮಲಾಪುರದ ಹತ್ತಿರ ಕಾಲುವೆಯಿಂದ ಎದ್ದ ಎಮ್ಮೆಗಳು ರಸ್ತೆ ತುಂಬ ನಿಂತಿದ್ದವು. ಮನೆ ತುಂಬಿಸಿಕೊಳ್ಳುವ ಹೊತ್ತು ಮೀರುತ್ತಿತ್ತು. ಮಾವ ಹಿತ್ತಾಳೆ ಕೊಳವೆ ಬಿಚ್ಚಿ ಊದಿದರು. ಕಣಜದ ಹುಳು ಕಟ್ಟಿದ್ದ ಮಣ್ಣುಗೂಡು ಉದುರಿತು. ಹಿಚುಕಿದರೆ ಮತ್ತೆ ‘ಪುಸ್’. ಚೆಂಡೇ ಸೀಳಿಹೋಗಿತ್ತು.

ನನಗೆ ತಡೆಯಲಾಗಲಿಲ್ಲ. ಭತ್ತದ ಗದ್ದೆಯ ಅಟ್ಟಣಿಗೆ ಮೇಲೆ ನಿಂತು ಗುಬ್ಬಿ ಓಡಿಸಿದ ಗಂಟಲು ನನ್ನದು. ತೆರೆದ ಕಾರಿನಲ್ಲಿ ಎದ್ದು ನಿಂತು ‘ಹೋ... ಹೊಯ್!’ ಎಂದು ಕೂಗಿದೆ. ಎಮ್ಮೆಗಳು ದಿಕ್ಕಾಪಾಲಾದವು. ಹೊಸ ಸೊಸೆ ಹೀಗೆ ಕೂಗಿದ್ದಕ್ಕೆ ಬೈತಾರೇನೋ ಎಂದು ಸೆರಗು ಎಳೆದುಕೊಂಡು ಕುಳಿತೆ. ಮಾವ ಹೊಟ್ಟೆ ಹಿಡಿದು ನಕ್ಕರು.

“ಹಾರ್ನ್ ಹಿಂದ ಕುಂತೈತಿ, ನಾ ಮುಂದ ಹುಡುಕಾಕ ಹತ್ತೀನಿ!”

ಆಮೇಲೆ ಹೊಸ ಚೆಂಡು ಬಂತು. ಆದರೂ ದನ ಅಡ್ಡ ಬಂದರೆ ಮಾವನ ಕೈ ಹಾರ್ನಿಗೆ ಹೋಗುತ್ತಿರಲಿಲ್ಲ; ಕತ್ತು ನನ್ನ ಕಡೆ ತಿರುಗುತ್ತಿತ್ತು.